ಮಗ್ಗದ ಸದ್ದಿನೊಳಗಿನ ಹಾಡು

"ಅಯ್ಯಪ್ಪಾ! ಅವರಿಗೆ ದನಿನೇ ಇಲ್ಲ ಕಣೋ!"

ಗ್ರೀನ್ ರೂಮಿನಿಂದ ಓಡಿಬಂದ ಸಮನ್ವಿತಾ ಗೆಳೆಯ ಆಶ್ರಿತ್‌ನ ತೋಳು ಹಿಡಿದುಕೊಂಡಳು. ಐದನೇ ಕ್ಲಾಸಿನಲ್ಲಿ ಅವಳಷ್ಟು ಗಟ್ಟಿ ಗಂಟಲು ಬೇರೆ ಯಾರಿಗೂ ಇಲ್ಲ. ಈಗ ಮಾತ್ರ ಪಿಸುಗುಡುತ್ತಿದ್ದಳು.

"ಯಾರಿಗೆ?"

"ಆ ಮಿಲ್ಲಿನ ಅಜ್ಜಿಯರಿಗೆ. ಒಬ್ರು ಈ ಮೂಲೇಲಿ, ಇನ್ನೊಬ್ರು ಆ ಮೂಲೇಲಿ. ಬಾಯಿ ಆಡ್ತಿದೆ, ಒಂಚೂರೂ ಸದ್ದಿಲ್ಲ. ಆಮೇಲೆ ಇಬ್ರೂ ಒಟ್ಟಿಗೆ ನಕ್ಕುಬಿಟ್ರು. ಅದಕ್ಕೂ ಸದ್ದಿಲ್ಲ!"

"ಮಾಟ ಇರ್ಬೇಕು, ಮಗಾ," ಎಂದ ಆಶ್ರಿತ್. ಧೈರ್ಯ ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ನೋಡಿ!

ಸಾರಕ್ಕಿಯ ಅವರ ಶಾಲೆಯ ಮಕ್ಕಳು ಜಯನಗರದ ಈ ಹಾಲ್‌ಗೆ ಬಂದದ್ದು ಸಂಜೆಯ ಕಾರ್ಯಕ್ರಮಕ್ಕೆ. ಬೆಂಗಳೂರಿನ ಹಳೆಯ ಕಾರ್ಖಾನೆಗಳಲ್ಲಿ ಕೆಲಸದವರು ಕಟ್ಟಿ ಹಾಡುತ್ತಿದ್ದ ಹಾಡುಗಳನ್ನು ಇವತ್ತು ವೇದಿಕೆಯ ಮೇಲೆ ಹಾಡುತ್ತಾರೆ. ಬಟ್ಟೆ ಮಿಲ್ಲಿನ ಹಾಡು ಸಮನ್ವಿತಾಳದು, ಅದೂ ಒಬ್ಬಳೇ! ಮೂರು ವಾರದಿಂದ ಅವಳ ಪ್ರಾಕ್ಟೀಸ್ ತಾಳಲಾರದೆ ಅಪ್ಪ ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ಅವಳ ಆಸೆ ಒಂದೇ. ಕೊನೆಯ ಸಾಲಿನಲ್ಲಿ ಕೂತವರಿಗೂ ತನ್ನ ದನಿ ಕೇಳಿಸಬೇಕು.

ಆ ಹಾಡನ್ನು ಸುನಿತಾ ಮಿಸ್‌ಗೆ ಹೇಳಿಕೊಟ್ಟವರು ಲಕ್ಷ್ಮಿದೇವಮ್ಮ. ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಇವತ್ತು ಅವರೂ ಹಳೆಯ ಗೆಳತಿಯರೂ ಸೇರಿ ಹನ್ನೊಂದು ಜನ ಹನುಮಂತನಗರದಿಂದ ಬಸ್ಸಿನಲ್ಲಿ ಬಂದಿದ್ದರು. ಹಾಡುವುದಕ್ಕಲ್ಲ, ಸುಮ್ಮನೆ ನೋಡಿ ಹೋಗುವುದಕ್ಕೆ.

ಸಂಜೆ ಹಾಲ್‌ನ ದೀಪಗಳು ಆರಿದವು. ಸಮನ್ವಿತಾ ಮೈಕಿನ ಮುಂದೆ ನಿಂತಳು.

"ಎಳೆಯೇ ಎಳೆಯೇ, ಯಾರ ಸೀರೆಗೆ ಹೊರಟೆ..."

ದನಿ ಸೊಗಸಾಗಿ ಹೊರಟಿತು. ಅಷ್ಟರಲ್ಲಿ ಸ್ಪೀಕರುಗಳಿಂದ ಮಗ್ಗದ ಸದ್ದು ಬಂತು. ಖಟಾಖಟ್! ಖಟಾಖಟ್! ಅದು ಮೊದಲೇ ಗೊತ್ತಿದ್ದದ್ದು. ಒಂದು ಸಾಲಿನ ನಂತರ ಸದ್ದು ಸಣ್ಣದಾಗಬೇಕಿತ್ತು. ಆಗಲಿಲ್ಲ. ಸದ್ದು ಹಾಕಿದ್ದ ಲ್ಯಾಪ್‌ಟಾಪ್ ಕೈಕೊಟ್ಟಿತ್ತು! ಸದ್ದು ಏರುತ್ತಲೇ ಹೋಗಿ ಕಾಲ ಕೆಳಗಿನ ಹಲಗೆ ನಡುಗತೊಡಗಿತು. ಪರದೆಯ ಪಕ್ಕ ಸುನಿತಾ ಮಿಸ್ ಎರಡೂ ಕೈ ಆಡಿಸುತ್ತಿದ್ದರು.

ಸಮನ್ವಿತಾಳಿಗೆ ತನ್ನ ಹಾಡು ತನಗೇ ಕೇಳಿಸುತ್ತಿರಲಿಲ್ಲ. ಅಯ್ಯೋ, ಆ ಅಜ್ಜಿಯರ ದನಿ ಹೋದ ಹಾಗೆ ನನ್ನದೂ ಹೋಯ್ತಾ? ಗಂಟಲು ಮುಟ್ಟಿ ನೋಡಿಕೊಂಡಳು. ಒಳಗೆ ಜುಮ್ ಜುಮ್ ಎನ್ನುತ್ತಿತ್ತು. ದನಿ ಇತ್ತು. ಆದರೆ ಅದು ಯಾರಿಗೂ ಮುಟ್ಟುತ್ತಿರಲಿಲ್ಲ. ಅವಳಿಗೆ ಅಳು ಬಂತು. ಹಾಡು ನಿಂತೇಹೋಯಿತು.

ಆಗ ಅವಳ ಕಣ್ಣು ಮುಂದಿನ ಸಾಲಿನ ಮೇಲೆ ಬಿತ್ತು.

ಅರೆಗತ್ತಲಲ್ಲಿ ಹನ್ನೊಂದು ಬಾಯಿಗಳು ಒಟ್ಟಿಗೆ ತೆರೆಯುತ್ತಿದ್ದವು, ಒಟ್ಟಿಗೆ ಮುಚ್ಚುತ್ತಿದ್ದವು. ನಡುವೆ ಕೂತ ಲಕ್ಷ್ಮಿದೇವಮ್ಮ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದರು. ಸಮನ್ವಿತಾ ಬೆದರಿ ಒಂದು ಹೆಜ್ಜೆ ಹಿಂದಿಟ್ಟಳು.

ಯಾ... ರ... ಸೀ... ರೆ... ಗೆ...

ಅರೆ! ಇದು ಮಾಟವಲ್ಲ, ಮಂತ್ರವಲ್ಲ. ಇದು ಅವಳದೇ ಹಾಡು!

ಮೂವತ್ತು ವರ್ಷ, ದಿನಾ ಬೆಳಗಿಂದ ಇದೇ ಸದ್ದು. ಅದರೊಳಗೆ ಅವರು ಹಾಡಿದ್ದರು, ಮಾತಾಡಿದ್ದರು, ನಕ್ಕಿದ್ದರು. ಎಲ್ಲವೂ ಒಬ್ಬರ ತುಟಿಯನ್ನು ಇನ್ನೊಬ್ಬರು ನೋಡಿಕೊಂಡು. ಆ ರೂಢಿ ಇವತ್ತಿಗೂ ಬಿಟ್ಟಿರಲಿಲ್ಲ. ಕೇಳುವವರು ಒಬ್ಬರೂ ಇರಲಿಲ್ಲ. ಆದರೂ ಹಾಡಿದ್ದರು.

ಸಮನ್ವಿತಾ ಮೂಗೊರೆಸಿಕೊಂಡು ಲಕ್ಷ್ಮಿದೇವಮ್ಮನ ತುಟಿಗಳನ್ನೇ ದಿಟ್ಟಿಸಿದಳು. ಅವರು ಹಾಡುತ್ತಿದ್ದ ಸಾಲನ್ನೇ ಹಿಡಿದು ಮತ್ತೆ ಹಾಡತೊಡಗಿದಳು. ಕೊನೆಯ ಸಾಲಿನ ಕುರ್ಚಿ ಇರಲಿ, ತನ್ನ ಕಿವಿಗೂ ಕೇಳದ ಹಾಡು. ಸಣ್ಣ ದನಿಯಲ್ಲಲ್ಲ, ಪೂರ್ತಿ ಗಂಟಲಿನಲ್ಲಿ ಹಾಡಿದಳು.

ಥಟ್ಟನೆ ಮಗ್ಗ ನಿಂತಿತು. ಯಾರೋ ಪ್ಲಗ್ ಕಿತ್ತಿದ್ದರು, ಮೈಕೂ ಆರಿತ್ತು.

"...ನನಗೂ ಒಂದೆಳೆ ಉಳಿಸೇ!"

ಮೈಕಿಲ್ಲದ ಹಾಲ್‌ನಲ್ಲಿ ಅವಳ ದನಿ ಖಣ್ಣೆಂದು ಕೇಳಿಸಿತು. ಅದರ ಜೊತೆಗೇ ಕೆಳಗಿನಿಂದ ಒಡಕು ದನಿಗಳು ಎದ್ದವು. ಹನ್ನೊಂದೂ ಅದೇ ಅಕ್ಷರದ ಮೇಲೆ. ತಮ್ಮ ದನಿ ಹೊರಗೆ ಬಂದದ್ದು ಕೇಳಿ ಅಜ್ಜಿಯರೇ ಬೆಚ್ಚಿಬಿದ್ದರು. ಒಬ್ಬರಂತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಪಕ್ಕದವರ ಮಾತೂ ಕೇಳಿಸದಷ್ಟು.

ಆ ಗದ್ದಲದಲ್ಲಿ ಲಕ್ಷ್ಮಿದೇವಮ್ಮನ ತುಟಿಗಳು ಅಲುಗಿದವು. ಸಮನ್ವಿತಾ ಕತ್ತು ಮುಂದಕ್ಕೆ ಚಾಚಿ ನೋಡಿದಳು.

ಊಟ ಆಯ್ತಾ, ಮಗೂ?

ಅವಳು ಕೂಗಲಿಲ್ಲ. ತುಟಿಗಳನ್ನು ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ ಆಡಿಸಿದಳು.

ಇನ್ನೂ ಇಲ್ಲ, ಅಜ್ಜಿ. ನಿಮ್ದು?