ದೂರದ ಕಾಲೇಜು, ಎದುರಿನ ಕುರ್ಚಿ

ಕನ್ನಡಿಯ ಆ ಕಡೆ ಯಾರೂ ಇಲ್ಲವೆಂದುಕೊಂಡೇ ಅವನು ಕೂದಲು ಸರಿ ಮಾಡಿಕೊಂಡಿದ್ದು.

ಪಾಪ, ಗಾಜಿನಂಗಡಿ ನಡೆಸುವವನಿಗೆ ಅಷ್ಟಾದರೂ ಹೊಳೆಯಬೇಕಿತ್ತು. ಆ ಕುಟುಂಬ ಸಲಹಾ ಕೇಂದ್ರದ ದೊಡ್ಡ ಕೋಣೆಗೂ ಪಕ್ಕದ ಕಿರುಕೋಣೆಗೂ ನಡುವೆ ಅವನು ಆಗಷ್ಟೇ ಕೂರಿಸಿದ್ದು ಒಮ್ಮುಖ ಕನ್ನಡಿ. ಬೆಳಕಿರುವ ಕಡೆ ನಿಂತವರಿಗೆ ತಮ್ಮ ಮುಖ ಕಾಣುತ್ತದೆ; ಕತ್ತಲ ಕಡೆ ಕೂತವರಿಗೆ ಅವರು ಕಾಣುತ್ತಾರೆ. ಮನೆಮಂದಿ ಒಪ್ಪಿದರೆ, ಥೆರಪಿ ಕಲಿಯುವವರು ಆ ಕತ್ತಲಲ್ಲಿ ಕೂತು ನೋಡಿ, ಸ್ಪೀಕರಿನಲ್ಲಿ ಕೇಳಿ ಕಲಿಯುತ್ತಾರೆ. ಅವತ್ತು ಅಲ್ಲಿ ಕೂತಿದ್ದವಳು ರಿಸೆಪ್ಷನ್ನಿನ ಹುಡುಗಿ. ಗಾಜು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಬಂದವಳು ಗಾಜು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದಳು.

ಅವಳಿಗೆ ಹೇಳಬೇಕೆಂದಿದ್ದನ್ನು ಅವನು ಗಂಟಲು ಸರಿಮಾಡಿಕೊಂಡು ಮೊದಲು ಕನ್ನಡಿಗೆ ಹೇಳಿದ, "ಕೆಲಸ ಮುಗೀತು ಮೇಡಂ. ಒಂದು ಕಾಫಿ ಕುಡಿಯೋಣ್ವಾ?" ಅದು ಅವನಿಗೇ ಸರಿಬರಲಿಲ್ಲ. ಹುಬ್ಬು ಇಳಿಸಿ, ನಗುವನ್ನು ಸ್ವಲ್ಪ ಕಡಿಮೆ ಮಾಡಿ ಇನ್ನೊಮ್ಮೆ ಹೇಳಿದ.

ಗೋಡೆಯ ಮೇಲಿನ ಸ್ಪೀಕರಿನಿಂದ ಅವಳ ದನಿ ಬಂತು. "ಮೊದಲನೇ ಸಲ ಹೇಳಿದ್ದೇ ಚೆನ್ನಾಗಿತ್ತು."

ಅವನು ಇಂಗು ತಿಂದ ಮಂಗನಂತೆ ನಿಂತ. ಕಿವಿಯ ತುದಿಯಿಂದ ಶುರುವಾದ ಕೆಂಪು ನಿಧಾನವಾಗಿ ಕುತ್ತಿಗೆಗೆ ಇಳಿಯುವುದನ್ನು ಅವಳು ಕತ್ತಲಲ್ಲಿ ಕೂತು ಪೂರ್ತಿ ನೋಡಿದಳು. ಆಮೇಲೆ ಕಾಫಿಗೆ ಹೋದಳು.

ಅಲ್ಲಿಂದ ಮುಂದೆ ಆ ಕನ್ನಡಿಗೆ ಬಂದಷ್ಟು ಕಾಯಿಲೆ ಊರಿನ ಯಾವ ಗಾಜಿಗೂ ಬಂದಿರಲಿಕ್ಕಿಲ್ಲ. ಒಂದು ದಿನ ಅಂಚಿನ ರಬ್ಬರ್ ನೋಡಬೇಕು ಎನ್ನುತ್ತಾ ಬರುತ್ತಿದ್ದ, ಇನ್ನೊಂದು ದಿನ ಮೂಲೆಯ ಸ್ಕ್ರೂ. ಕೇಂದ್ರದವರು ಅವನಿಗೆ 'ಕನ್ನಡಿ ಸಾಹೇಬರು' ಎಂದೇ ಹೆಸರಿಟ್ಟರು. ಸಂಜೆ ಹಿಂಬದಿಯ ಮೆಟ್ಟಿಲ ಮೇಲೆ ಇಬ್ಬರೂ ಕಾಫಿ ಹಿಡಿದು ಕೂತರೆ, ಎದುರಿನ ಮನೆಗಳ ಕಿಟಕಿಗಳಲ್ಲಿ ಬಿಸಿಲು ಒಂದೊಂದಾಗಿ ಆರುವವರೆಗೆ ಮಾತು. ಅವನು ಬೇರೆಲ್ಲೋ ನೋಡುತ್ತಿರುವಾಗ ಅವಳು ಅವನನ್ನು ನೋಡುತ್ತಿದ್ದಳು, ಅವನು ತಿರುಗಿದರೆ ಲೋಟದೊಳಗೆ ನೋಡುತ್ತಿದ್ದಳು. ಬರಿದಾದ ಲೋಟದಲ್ಲಿ ಅಷ್ಟು ಹೊತ್ತು ಏನು ಕಾಣುತ್ತದೆ ಎಂದು ಅವನೂ ಕೇಳುತ್ತಿರಲಿಲ್ಲ.

ಅವಳಿಗೊಂದು ಆಸೆಯಿತ್ತು. ವರ್ಷಗಟ್ಟಲೆ ಆ ಮುಂಬಾಗಿಲಲ್ಲಿ ಕೂತು, ಒಳಗೆ ಬರುವ ಮನೆಮಂದಿಯಲ್ಲಿ ಯಾರು ಯಾರಿಂದ ದೂರದ ಕುರ್ಚಿ ಹುಡುಕುತ್ತಾರೆ ಎಂದು ನೋಡಿ ನೋಡಿ ಬಂದ ಆಸೆ. ಅವರ ಹೆಸರು ಬರೆದುಕೊಂಡರೆ ಸಾಲದು, ಅವರ ಜೊತೆ ಒಳಗೆ ಕೂರಬೇಕು. ಫ್ಯಾಮಿಲಿ ಥೆರಪಿಯಲ್ಲಿ ಎಂ.ಎ. ಮಾಡಬೇಕು. ಎರಡು ಕಡೆ ಸೀಟೂ ಸಿಕ್ಕಿತು. ಒಂದು ಇದೇ ಊರಿನ ಸಂಜೆ ಕಾಲೇಜು. ಫೀಸ್ ಕಡಿಮೆ, ಕೆಲಸ ಬಿಡಬೇಕಾಗಿಲ್ಲ, ಅಪ್ಪನ ಜೊತೆ ಮನೆಯಲ್ಲೇ ಊಟ. ಇನ್ನೊಂದು ದೂರದ್ದು, ಫೀಸ್ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅದರ ಮೇಲೆ ಹಾಸ್ಟೆಲ್, ಸಂಬಳವಿಲ್ಲದ ವರ್ಷಗಳು.

ಅಳೆದು ತೂಗಿ, ಇಲ್ಲಿಯೇ ಓದುತ್ತೇನೆ ಎಂದು ಅವಳು ಎಲ್ಲರಿಗೂ ಹೇಳಿಬಿಟ್ಟಳು. ಫೀಸ್ ಜಾಸ್ತಿ ಎಂದರೆ ಯಾರು ಎದುರು ಮಾತಾಡುತ್ತಾರೆ?

ಎದುರು ಮಾತಾಡಿದ್ದು ಕೇಂದ್ರದ ಮುಖ್ಯ ಥೆರಪಿಸ್ಟ್, ಎಲ್ಲರ ಬಾಯಲ್ಲಿ ಬರೀ ಮೇಡಂ. ಫೀಸ್ ಒಂದನ್ನೇ ನೋಡಿದರೆ ಹೇಗೆ, ಓದುವಾಗ ಎಷ್ಟು ಕುಟುಂಬಗಳ ಜೊತೆ ಕೂರಿಸುತ್ತಾರೆ, ಯಾರು ಪಕ್ಕದಲ್ಲಿದ್ದು ತಿದ್ದುತ್ತಾರೆ, ಅದನ್ನು ಕೇಳಿದೆಯಾ ಎಂದರು. ಅವರ ಎದುರಿಗೇ ಎರಡೂ ಕಡೆ ಫೋನ್ ಮಾಡಬೇಕಾಯಿತು. ಸಂಜೆ ಕಾಲೇಜಿನಲ್ಲಿ ಪಾಠ ಮಾತ್ರ. ಲೈಸೆನ್ಸಿಗೆ ಬೇಕಾದ ತರಬೇತಿಯನ್ನು ಆಮೇಲೆ ಹೊರಗೆ ದುಡ್ಡು ಕೊಟ್ಟೇ ಮಾಡಿಕೊಳ್ಳಬೇಕು. ದೂರದ್ದರಲ್ಲಿ ಅದೆಲ್ಲ ಓದಿನೊಳಗೇ ಇತ್ತು, ಅವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದರೆ ಫೀಸಿನಲ್ಲಿ ದೊಡ್ಡ ಪಾಲು ಬಿಡುತ್ತಿದ್ದರು. ಉಳಿದದ್ದಕ್ಕೆ ಸಣ್ಣ ಸಾಲ ಸಾಕು. ದುಬಾರಿ ದುಬಾರಿಯಾಗಿಯೇ ಇತ್ತು, ಆದರೆ ಬೆಟ್ಟದಷ್ಟಿರಲಿಲ್ಲ. ಅಪ್ಪನಂತೂ, ಅನ್ನ ಮಾಡಿಕೊಳ್ಳಲು ನನಗೆ ಕೈಯಿಲ್ಲವಾ ಎಂದು ರೇಗಿದರು.

ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಅವಳಿಗೆ ಅಳು ಬಂತು. ಯಾಕೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಸೀಟು ಒಪ್ಪಿಕೊಳ್ಳಲು ಮಾರನೆಯ ದಿನ ಕೊನೆ. ಆ ಮಧ್ಯಾಹ್ನ ಕೊನೆಯ ಕುಟುಂಬ ಹೊರಟುಹೋಗಿ ದೊಡ್ಡ ಕೋಣೆ ಖಾಲಿಯಾಗಿತ್ತು. ಪರದೆಯ ಸಂದಿನಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಅವನು ಯಾವುದೋ ಸ್ಕ್ರೂ ನೆಪದಲ್ಲಿ ಬಂದಿದ್ದ. ಅವಳು ಎದುರುಬದುರು ಎರಡು ಕುರ್ಚಿ ಎಳೆದಳು. ಮಾತು ಕಟ್ಟಿಹೋದ ಗಂಡ ಹೆಂಡಿರಿಗೆ ಅಲ್ಲಿ ಮಾಡಿಸುವ ಕ್ರಮವೊಂದಿತ್ತು: ಕುರ್ಚಿ ಬದಲಿಸಿಕೊಂಡು, ಇವರು ಅವರಾಗಿ, ಅವರು ಇವರಾಗಿ ಮಾತಾಡಬೇಕು. ತಪ್ಪು ಹೇಳಿದರೆ ಎದುರಿನವರು ತಿದ್ದಬೇಕು.

"ನಾವೇನು ಗಂಡ ಹೆಂಡ್ತಿನಾ?" ಎಂದ ಅವನು. ಎಂದಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಕೇಳಿಸದವಳಂತೆ ಅವನ ಕುರ್ಚಿಯಲ್ಲಿ ಕೂತು, ಅವನಂತೆಯೇ ಗಂಟಲು ಸರಿಮಾಡಿಕೊಂಡಳು.

"ನಾನು ಕನ್ನಡಿ ಸಾಹೇಬ. ಇವರು ದೂರ ಹೋದ್ರೆ ನಂಗೆ ತುಂಬಾ ಬೇಜಾರು. ಹೋಗ್ಬೇಡಿ, ಇಲ್ಲೇ ಇರಿ ಅಂತ ಹೇಳ್ಬೇಕು. ಬಾಯಿ ಬರ್ತಿಲ್ಲ."

ಅವನು ತಿದ್ದಲಿಲ್ಲ. ಅವಳ ಕುರ್ಚಿಯಲ್ಲಿ ಕೂತು, ಅವಳಂತೆಯೇ, ತನಗಿಲ್ಲದ ಉದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಅವಳಿಗೆ ನಗು ಬಂತು. ಆಮೇಲೆ ಅವನು ಮಾತಾಡತೊಡಗಿದಾಗ ಆ ನಗು ಅರ್ಧಕ್ಕೇ ನಿಂತಿತು.

"ಫೀಸ್ ಜಾಸ್ತಿ ಅಂತ ಎಲ್ಲರಿಗೂ ಹೇಳಿದ್ದೀನಿ. ಅದು ನೆಪ. ಇವರೊಂದು ಸಲ ಹೋಗ್ಬೇಡ ಅಂದ್ಬಿಟ್ರೆ ಉಳ್ಕೊಳ್ತೀನಿ. ಆಮೇಲೆ ಯಾವತ್ತೋ, ಯಾರೋ ನನ್ನೆದುರು ಕೂತು ಅಳೋವಾಗ ಏನ್ಮಾಡ್ಬೇಕು ಅಂತ ತೋಚದೇ ಹೋದಾಗ, ಮನೆಗ್ ಬಂದು ಇವರ ಮುಖ ನೋಡಿದ್ರೆ ಸಿಟ್ಟು ಬರತ್ತೆ." ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ತಪ್ಪಿದ್ರೆ ತಿದ್ದಿ."

ತಿದ್ದಲು ಅವಳ ಹತ್ತಿರ ಏನೂ ಇರಲಿಲ್ಲ. ಕಣ್ಣು ತುಂಬಿ ಎದುರಿನವನು ಬಿಸಿಲಿನೊಳಗೆ ಕರಗಿದಂತೆ ಕಂಡ.

"ನಾನು ಹೇಳಿದ್ದು ಸರಿಯಾಗಿತ್ತಾ?" ಎಂದಳು.

"ಬೇಜಾರು ಸರಿ. ಇಲ್ಲೇ ಇರಿ ಅನ್ನೋದು ತಪ್ಪು."

"ಮತ್ತೇನಂತೀರಾ?"

ಅದನ್ನು ಅವರವರ ಕುರ್ಚಿಯಿಂದಲೇ ಹೇಳಬೇಕು, ಅದೂ ಅಲ್ಲಿಯ ಕ್ರಮ. ಇಬ್ಬರೂ ಎದ್ದರು. ಒಬ್ಬರನ್ನೊಬ್ಬರು ದಾಟುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು, ತಾಗಿದ್ದು ಬಿಡಲಿಲ್ಲ. ಹಾಗಾಗಿ ಇಬ್ಬರೂ ಯಾವ ಕುರ್ಚಿಗೂ ತಲುಪಲಿಲ್ಲ.

"ನೀವಂದ್ರೆ ನಂಗೆ ಪ್ರಾಣ," ಎಂದ ಅವನು. "ಹೋಗಿ ಓದ್ಕೊಂಡು ಬನ್ನಿ. ರಜಾ ಸಿಕ್ಕಾಗೆಲ್ಲ ನಾನೇ ಅಲ್ಲಿಗೆ ಬರ್ತೀನಿ."

"ನಂಗೆ ಹೋಗ್ಬೇಕು." ಅವಳು ಆ ಮಾತನ್ನು ಹೇಳಿದ್ದು ಅದೇ ಮೊದಲು. "ನೀವೂ ಬೇಕು. ಆಸೆ ಜಾಸ್ತಿಯಾಯ್ತಾ?"

"ಜಾಸ್ತೀನೇ. ಇರ್ಲಿ ಬಿಡಿ."

ನಾಳೆಗೆ ಬಿಟ್ಟರೆ ಮತ್ತೆ ಮೀನಮೇಷ ಎಣಿಸುತ್ತೇನೆಂದು ಅವಳು ಅಲ್ಲೇ ನಿಂತು, ಒಂದು ಕೈ ಅವನಿಗೆ ಕೊಟ್ಟು, ಇನ್ನೊಂದರಲ್ಲಿ ದೂರದ ಕಾಲೇಜಿಗೆ ಫೋನ್ ಹಚ್ಚಿದಳು. ಸೀಟು ಒಪ್ಪಿದ್ದಾಯಿತು, ಕ್ಲಿನಿಕ್ಕಿನ ಕೆಲಸಕ್ಕೂ ಹೂಂ ಎಂದಾಯಿತು. ಹಾಸ್ಟೆಲ್ ರೂಮು ಹಂಚಿಕೊಳ್ಳುವುದೇ ಆಗಲಿ, ಅದು ಅಗ್ಗ. ಆಫೀಸಿನವರು ಕೊನೆಗೊಂದು ಕೇಳಿದರು: ಅಪ್ಪನ ನಂಬರ್ ಇದೆ, ತುರ್ತಿಗೆ ಇನ್ನೊಬ್ಬರದ್ದು ಬೇಕು, ಅವರು ನಿಮಗೇನಾಗಬೇಕು?

ಅವಳು ಅವನನ್ನು ನೋಡಿದಳು. ಈ ಸಲ ಅವನು ತಿರುಗಿ ನೋಡಿದರೂ ಕಣ್ಣು ತೆಗೆಯಲಿಲ್ಲ.

"ನಾನು ಮದುವೆಯಾಗೋ ಹುಡುಗ," ಎಂದಳು ಫೋನಿಗೆ. ಆಮೇಲೆ ಅವನ ಕೈ ಮೆಲ್ಲಗೆ ಅಲುಗಿಸಿ, "ನಂಬರ್ ಹೇಳಿ, ಕಾಯ್ತಿದ್ದಾರೆ."

ಅವನಿಗೆ ತನ್ನದೇ ನಂಬರ್ ನೆನಪಾಗಲಿಲ್ಲ.