ಓದಿ ಟ್ಯೂನಿಂಗ್ ಕಲಿತವ

ಬನಹಟ್ಟಿ ಬಸ್‌ಸ್ಟ್ಯಾಂಡಿನ ಎದುರು ಶೇವಂತಿಯ ಝೆರಾಕ್ಸ್ ಅಂಗಡಿ. ಅಂಗಡಿಗೆ ಬರುವ ಗಂಡಸರ ಬಗೆಬಗೆಯ ನೋಟ ಅವಳಿಗೆ ರೂಢಿಯಾಗಿತ್ತು. ಆದರೆ ಅಂದು ಬಂದವನು ನೆಟ್ಟಗೆ ಅವಳ ತುಟಿಯನ್ನೇ ನೋಡುತ್ತ ನಿಂತಿದ್ದ.

"ಎಷ್ಟ ಕಾಪಿ ಬೇಕ್ರಿ?"

ಅವನು ಮೊಬೈಲನ್ನು ಮುಂದೆ ಹಿಡಿದ, ಕಣ್ಣು ಮಾತ್ರ ಕದಲಲಿಲ್ಲ.

"ಏನ್ರಿ, ನನ್ನ ಮಾರಿ ಮ್ಯಾಲೆ ಏನರೆ ಬರದೈತೇನು?"

ಅವನ ಮುಖ ಕೆಂಪಾಯಿತು. "ತಪ್ಪ ತಿಳೀಬ್ಯಾಡ್ರಿ. ಒಂದ ಸಾಕು. ಕಲರ್ ಇರಲಿ."

ಅವನ ಮೊಬೈಲಿನಿಂದ ಬಂದ ಪುಟಗಳನ್ನು ಕಂಡು ಶೇವಂತಿಗೆ ಸೋಜಿಗವಾಯಿತು. ಯಾವುದೋ ಮೋಟಾರ್‌ಸೈಕಲ್ ವೆಬ್‌ಸೈಟಿನ ಇಂಗ್ಲಿಷ್ ಪಾಠ. ಸ್ಪಾರ್ಕ್ ಪ್ಲಗ್ಗಿನ ತುದಿಯ ಹತ್ತು ಫೋಟೊ, ಒಂದೊಂದಕ್ಕೂ ಒಂದೊಂದು ಬಣ್ಣ. ಪ್ರಿಂಟನ್ನು ಅವನು ಬಾಗಿಲ ಬೆಳಕಿಗೆ ಹಿಡಿದು, ಸೀರೆಯ ಬಣ್ಣ ಪರೀಕ್ಷಿಸುವವನ ಹಾಗೆ ನೋಡಿ, ಮಡಿಚದೆ ಎದೆಗೆ ಒತ್ತಿಕೊಂಡು ಹೋದ. ಹೆಸರು ಪ್ರಭುಲಿಂಗ, ರಬಕವಿ ರಸ್ತೆಯಲ್ಲಿ ಗ್ಯಾರೇಜ್ ಇದೆ ಎಂದು ಪಕ್ಕದ ಚಹಾದಂಗಡಿಯ ಮಂಗಲಾ ಹೇಳಿದಳು.

ಅಂದಿನಿಂದ ಪ್ರತಿ ಗುರುವಾರ ಬರತೊಡಗಿದ. ಒಮ್ಮೆ ಕಾರ್ಬುರೇಟರ್, ಒಮ್ಮೆ ವಾಲ್ವ್, ಒಮ್ಮೆ ಸೈಲೆನ್ಸರ್. ಶೇವಂತಿ ಮಷೀನಿನ ಹಿಂದಿನಿಂದ ಏನಾದರೂ ಕೇಳಿದರೆ ಉತ್ತರವೇ ಇಲ್ಲ. ದಿಮಾಕಿನ ಮನುಷ್ಯ ಎಂದು ಅವಳು ತೀರ್ಮಾನಿಸಿದಳು. ಆದರೂ ಗುರುವಾರ ಮಾತ್ರ ಅವಳ ಕಣ್ಣು ಎರಡು ಸಲ ಹೆಚ್ಚಿಗೆ ರಸ್ತೆಗೆ ಹೋಗುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ, ಅವನು ಬಂದು ನಿಂತಾಗ ಮೋಡ ಕವಿದು ಕರೆಂಟೂ ಹೋಯಿತು. ಅಂಗಡಿಯೊಳಗೆ ಕತ್ತಲು.

"ಸ್ವಲ್ಪ ಕುಂದರ್ರಿ. ನೀರ ಕೊಡ್ಲೇನು?" ಎಂದಳು ಶೇವಂತಿ.

"ಕಲರ್ ಬ್ಯಾಡ್ರಿ," ಎಂದ ಪ್ರಭುಲಿಂಗ.

ಅವಳಿಗೆ ನಗು ಬಂತು. "ನೀರ್ರೀ, ನೀರ!"

"ಹೌದ್ರಿ, ಎರಡ ಬದಿ."

ನಗು ಅರ್ಧಕ್ಕೇ ನಿಂತಿತು. ಅವಳು ಮೊಬೈಲಿನ ಟಾರ್ಚ್ ಹಚ್ಚಿ, ಅವನ ಕಡೆ ಹಿಡಿಯದೆ ತನ್ನ ಮುಖಕ್ಕೇ ಹಿಡಿದುಕೊಂಡಳು. ನಿಧಾನವಾಗಿ ಕೇಳಿದಳು, "ನಿಮಗ ಕೇಳಸಂಗಿಲ್ಲೇನ್ರಿ?"

ಅವನು ತಲೆ ತಗ್ಗಿಸಿದ. ಹದಿನಾಲ್ಕರ ವಯಸ್ಸಿನಿಂದ ಮನೆಯ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದಿದ್ದ. ಹನ್ನೆರಡು ಮಗ್ಗಗಳ ಆ ಖಡಖಡ ಸದ್ದು ಹನ್ನೆರಡು ವರ್ಷದಲ್ಲಿ ಅವನ ಕಿವಿಯನ್ನು ಸವೆಸಿಬಿಟ್ಟಿತ್ತು. ಗೊತ್ತಾಗುವಷ್ಟರಲ್ಲಿ ಅವನು ಮಗ್ಗ ಬಿಟ್ಟು ಗ್ಯಾರೇಜ್ ತೆರೆದಾಗಿತ್ತು.

"ಎಲ್ಲಾ ಮೇಸ್ತ್ರಿಗೋಳು ಇಂಜಿನ್ ಸಪ್ಪಳಾ ಕೇಳಿ ಟ್ಯೂನಿಂಗ್ ಮಾಡ್ತಾರ್ರಿ. ನಾ ಓದಿ ಮಾಡೂದ ಕಲಿಯಾಕತ್ತೇನಿ. ಪ್ಲಗ್ ಬಣ್ಣ ನೋಡಿ, ಮೀಟರ್ ನೋಡಿ. ಮಂದಿಗಿ ಹೇಳಬ್ಯಾಡ್ರಿ. ಕಿವುಡನ ಕೈಯಾಗ ಯಾರ ಗಾಡಿ ಕೊಡ್ತಾರ?"

"ವಿಡಿಯೋ ಭಾಳ ಅದಾವಲ್ರಿ?"

"ಅದಾವ್ರಿ. ಕೆಳಗ ಕನ್ನಡದಾಗ ಅಕ್ಷರಾನೂ ಬರತಾವ. ಆದ್ರ ಪೆಟ್ರೋಲ್ ಬಿಡೂ 'ಮೇನ್ ಜೆಟ್' ಅಂದ್ರ 'ಮುಖ್ಯ ವಿಮಾನ' ಅಂತ ತೋರಸತೈತಿ. ಕಾರ್ಬುರೇಟರ್‌ನ್ಯಾಗ ವಿಮಾನ ಎಲ್ಲಿ ಹುಡಕಲಿ?"

ಕತ್ತಲಲ್ಲಿ ಇಬ್ಬರೂ ನಕ್ಕರು.

ಅಂದಿನಿಂದ ಶೇವಂತಿ ಗಿರಾಕಿಯಿಲ್ಲದ ಹೊತ್ತಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಿಡಿಯೋಗಳನ್ನು ಕೇಳಿದಳು, ತಿಳಿಗನ್ನಡದಲ್ಲಿ ಟೈಪ್ ಮಾಡಿದಳು. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಕಾಫಿಪುಡಿಯ ಬಣ್ಣವಿದ್ದರೆ ಹದ ಸರಿ. ಬಿ.ಎ. ಓದಿದ ಅವಳಿಗೆ ಅರ್ಧ ಮಾತು ಅರ್ಥವಾಗದು. ಅವನನ್ನು ಕೇಳುವಳು, ಅವನು ಬಿಡಿಸಿ ಹೇಳುವನು. ಕೇಳುವಾಗ ಮುಖ ಬೆಳಕಿನ ಕಡೆ ಇರುವಂತೆ ಕುರ್ಚಿ ತಿರುಗಿಸಿಕೊಳ್ಳುವುದು ಅವಳಿಗೆ ಅಭ್ಯಾಸವೇ ಆಯಿತು.

ಒಮ್ಮೆ ಗ್ಯಾರೇಜಿಗೆ ಪ್ರಿಂಟ್ ಕೊಡಲು ಹೋದಾಗ, ಹಾಲಸಿದ್ದಪ್ಪ ಎಂಬ ರೈತನ ಹಳೆಯ ಬೈಕ್ ನಿಂತಿತ್ತು. ತುಬಚಿಯಿಂದ ಬರುವಾಗ ಏರು ಹತ್ತುವುದಿಲ್ಲ ಎಂದು ಮೂರು ಕಡೆ ತೋರಿಸಿ ಸೋತಿದ್ದ. ಪ್ರಭುಲಿಂಗ ಪ್ಲಗ್ ಬಿಚ್ಚಿ ನೋಡಿ, ಜೆಟ್ ಬದಲಿಸಿ, ಸ್ಟಾರ್ಟ್ ಮಾಡಿ, ಟ್ಯಾಂಕಿನ ಮೇಲೆ ಅಂಗೈ ಇಟ್ಟ.

"ನೀವೂ ಇಡ್ರಿ. ಒಂದ ಸವನ ನಡಗತೈತಿಲ್ಲ? ಹಂಗಿದ್ರ ಛಲೋ ಐತಿ."

ಶೇವಂತಿ ಅವನ ಕೈಯ ಪಕ್ಕ ಕೈಯಿಟ್ಟಳು. ಅವನು ಗಾಡಿ ಬಂದ್ ಮಾಡಿದ ಮೇಲೂ ಅವಳು ತೆಗೆಯಲಿಲ್ಲ. ಅವನೂ ತೆಗೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಹಾಲಸಿದ್ದಪ್ಪ ಕೆಮ್ಮಿದ.

ಶ್ರಾವಣದಲ್ಲಿ ಮುಧೋಳದಿಂದ ಅವಳಿಗೊಂದು ಸಂಬಂಧ ಬಂತು. ಸುದ್ದಿ ಮಂಗಲಾಳ ಚಹಾದಂಗಡಿಯಿಂದ ಗ್ಯಾರೇಜನ್ನೂ ಮುಟ್ಟಿತು. ಮೂರು ಗುರುವಾರ ಪ್ರಭುಲಿಂಗ ಬರಲಿಲ್ಲ. ನಾಲ್ಕನೆಯದಕ್ಕೆ ಅವಳೇ ಹೋದಳು.

"ಪಾಠ ಮುಗದೂವೇನ್ರಿ?"

"ಇಲ್ರಿ." ಅವನು ಸ್ಪ್ಯಾನರ್ ಒರೆಸುತ್ತಲೇ ಇದ್ದ. "ಮುಧೋಳದವರು ಛಲೋ ಮಂದಿ ಅಂತ. ಜಮಖಂಡಿ ಡಾಕ್ಟರ್ ಹೇಳ್ಯಾರ, ಇದ್ದ ಕಿವೀನೂ ಕಡಿಮಿ ಆಕ್ಕೋತ ಹೋಗತೈತಿ ಅಂತ. ನಿಮ್ಮ ದನಿ ಈಗ ನನಗ ದೂರದ್ಹಂಗ, ಅರ್ಧಾ ಬರತೈತಿ. ನಾಳೆ ಅದೂ ಇರಂಗಿಲ್ಲ. ಕರದ್ರ ತಿರಗಿ ನೋಡದವನ ಜೋಡಿ ನೀವ್ಯಾಕ..."

"ಕರದ್ರ ಕೇಳಲಿಲ್ಲಂದ್ರ ನಾನ ನಿಮ್ಮ ಮುಂದ ಬಂದ ನಿಲ್ಲತೇನಿ," ಎಂದಳು ಶೇವಂತಿ. "ನಿಮ್ಮ ಕಿವೀ ಸುದ್ದಿ ಸಾಕು. ನಿಮ್ಮ ಮನಸಿನ ಮಾತ ಹೇಳ್ರಿ."

ಸ್ಪ್ಯಾನರ್ ಕೆಳಗಿಟ್ಟ. "ಮನಸಂದ್ರ... ನೀವು ಟೈಪ್ ಮಾಡಿದ ಹಾಳಿ ಒಂದೂ ಒಗದಿಲ್ರಿ. ಬಾಯಿಪಾಠ ಆಗ್ಯಾವ. ಆದ್ರೂ ದಿನಾ ಓದತೇನಿ."

ಅವಳಿಗೆ ಅಷ್ಟು ಸಾಕಾಯಿತು.

ಸಂಜೆ ಮನೆಯಲ್ಲಿ ಹೇಳಿದಳು. ಅಪ್ಪ ನಿಂಗಣ್ಣ ಊಟದ ತಾಟು ಸರಿಸಿದ. "ಕಿವಿ ಕೇಳದವನ ಜೋಡಿ ಜಲ್ಮೆಲ್ಲಾ ಏನ್ ಮಾತಾಡ್ತಿ?"

ಅವ್ವ ಸಾತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಿಮಗ ಎರಡೂ ಕಿವಿ ಕೇಳತಾವಲ್ಲ. ಮೂವತ್ತ ವರ್ಷದಾಗ ನಾ ಏನ್ ಮಾತಾಡೇನಿ, ಒಂದರೆ ಹೇಳ್ರಿ ನೋಡೂಣು."

ನಿಂಗಣ್ಣ ಹೆಂಡತಿಯ ಮುಖ ನೋಡಿದ. ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡು, "ರವಿವಾರ ಬರಾಕ ಹೇಳ ಅವಗ," ಎಂದ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಆಗಷ್ಟೇ ಅರ್ಧ ಮೇಲೆದ್ದಿತ್ತು. ಶೇವಂತಿ ಬಗ್ಗಿ ಒಳಗೆ ಬಂದು ಎದುರಿಗೆ ನಿಂತಳು.

"ಅಪ್ಪ ಒಪ್ಪ್ಯಾನ. ರವಿವಾರ ಮನಿಗಿ ಬರ್ರಿ."

ಪ್ರಭುಲಿಂಗ ಅಲುಗಾಡದೆ ನಿಂತ. "ಕೇಳಸಲಿಲ್ರಿ. ಇನ್ನೊಮ್ಮಿ ಹೇಳ್ರಿ."

ಮೊದಲ ಸಲವೇ ತಿಳಿದಿತ್ತೆಂದು ಅವನ ತುಂಬಿದ ಕಣ್ಣುಗಳೇ ಹೇಳುತ್ತಿದ್ದವು. ಅವಳು ಇನ್ನೊಮ್ಮೆ ಹೇಳಿದಳು.