ಮುಚ್ಚಳ ತೆಗೆದಿಟ್ಟ ಡ್ರೈಯರ್

ಮೇ ತಿಂಗಳಲ್ಲಿ ಎವರಿಸ್ಟೊನ ಕಾರಿನ ಎಸಿ ಕೈಕೊಟ್ಟಾಗಿನಿಂದ ಅವನು ನನ್ನ ಕಾರಿನಲ್ಲೇ ಕೆಲಸಕ್ಕೆ ಬರುತ್ತಿದ್ದ. ಮರುಭೂಮಿಯ ನಡುವಿನ ಟೂಸಾನ್‌ನ ಬಿಸಿಲಿನಲ್ಲಿ ಎಸಿ ಇಲ್ಲದೆ ಆಸ್ಪತ್ರೆ ತಲುಪುವಷ್ಟರಲ್ಲಿ ಅಂಗಿ ಹಿಂಡಬಹುದು. ಅವನಿಗೆ ಅಲ್ಲಿನ ಅಡುಗೆಮನೆಯಲ್ಲಿ ಕೆಲಸ, ನನಗೆ ಬಟ್ಟೆ ಒಗೆಯುವ ಕಡೆ. ದಾರಿಯುದ್ದಕ್ಕೂ ಅವನು ರೇಡಿಯೋ ಜೊತೆ ಅಪಸ್ವರದಲ್ಲಿ ಹಾಡುತ್ತಿದ್ದ, ನಾನು ಬೈಯುತ್ತಿದ್ದೆ. ಅಷ್ಟು ಚೆಂದದ ಬೇಸಿಗೆ ನನಗೆ ಬೇರೊಂದು ನೆನಪಿಲ್ಲ.

ಈಗ ನನ್ನನ್ನು ನಸುಕಿನ ಪಾಳಿಗೆ ಹಾಕಿದ್ದರು. ಸೋಮವಾರದಿಂದ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ. ಹಾಗಾಗಿ ಶನಿವಾರ ಅವನ ಮನೆ ಮುಂದಿನ ತಗಡಿನ ನೆರಳಿನಲ್ಲಿ ಹೊಸ ಕಂಪ್ರೆಸರ್ ಕೂರಿಸಲು ನಾನೂ ಹೋದೆ. ನನ್ನಪ್ಪ ಗಡಿಯ ಊರು ನೊಗಾಲೆಸ್‌ನಲ್ಲಿ ಜೀವನವಿಡೀ ಕಾರಿನ ಎಸಿ ರಿಪೇರಿ ಮಾಡಿದವನು, ಆ ಕೆಲಸ ನನಗೂ ಬರುತ್ತದೆ. ಸಹಾಯಕ್ಕೆ ಬಂದೆ ಎಂದು ಬಾಯಲ್ಲಿ ಹೇಳಿದೆ. ಒಳಗೆ ಮಾತ್ರ ಒಂದೇ ಸಂಕಟ. ಈ ಎಸಿ ಸರಿಯಾದ ಮೇಲೆ ನಾನು ಇವನಿಗೆ ಯಾರು?

ಎಸಿಯ ಹಳೇ ಗ್ಯಾಸನ್ನು ಅವನು ಹಿಂದಿನ ದಿನವೇ ಗ್ಯಾರೇಜಿನಲ್ಲಿ ತೆಗೆಸಿದ್ದ. ಬೆಲ್ಟ್ ಸಡಿಲಿಸಿ, ಪೈಪು ಬಿಚ್ಚಿ, ಅದನ್ನು ತಿರುಗಿಸುವ, ಸುಟ್ಟುಹೋದ ಕ್ಲಚ್ ಸಮೇತ ಹಳೇ ಕಂಪ್ರೆಸರನ್ನು ಇಳಿಸಿದೆವು. ಇಕ್ಕಟ್ಟಿನಲ್ಲಿ ಅವನ ಮೊಣಕೈ ನನ್ನದಕ್ಕೆ ತಾಗಿತು. ಇಬ್ಬರೂ ಸಾರಿ ಅಂದೆವು, ಇಬ್ಬರೂ ಕೈ ಸರಿಸಲಿಲ್ಲ. ಅವನ ಮೂಗಿನ ತುದಿಗೆ ಗ್ರೀಸ್ ಹತ್ತಿತ್ತು. ಹೇಳದೆ ನೋಡುತ್ತಾ ನಿಂತೆ.

ಆಮೇಲೆ ಅವನು ಡ್ರೈಯರ್ ಕೈಗಿತ್ತ. ಪೈಪಿನೊಳಗಿನ ತೇವ ಹೀರುವ ಡಬ್ಬಿ ಅದು. ಜೋಡಿಸುವ ಗಳಿಗೆಯವರೆಗೂ ಅದರ ಬಾಯಿ ಮುಚ್ಚಿರಬೇಕು, ಇಲ್ಲವಾದರೆ ಊರಿನ ತೇವವನ್ನೆಲ್ಲ ಕುಡಿದು ಕೆಟ್ಟುಹೋಗುತ್ತದೆ. ಇದಕ್ಕೆ ಮುಚ್ಚಳವೇ ಇರಲಿಲ್ಲ, ಬಾಯಿಗೆ ಧೂಳು ಕಟ್ಟಿತ್ತು.

"ಇದನ್ನ ಯಾವಾಗ ತೆಗ್ದೆ?"

ಅವನು ಸ್ಪ್ಯಾನರ್ ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

"ಮೇನಲ್ಲಿ."

ಎಸಿ ಕೆಟ್ಟ ವಾರವೇ ಸಾಮಾನೆಲ್ಲ ತಂದಿದ್ದನಂತೆ. ಮುಚ್ಚಳ ಕಿತ್ತು ಇನ್ನೇನು ಕೆಲಸ ಶುರು ಮಾಡಬೇಕು, ಅಷ್ಟರಲ್ಲಿ ನಾನು ಹಾರ್ನ್ ಹೊಡೆದು, ಬಾ, ಆಸ್ಪತ್ರೆಗೆ ಬಿಡ್ತೀನಿ ಅಂದೆನಂತೆ. ಸಂಜೆ ಮನೆಗೆ ಬಂದವನು ಎಲ್ಲವನ್ನೂ ಅಟ್ಟಕ್ಕೆ ಹಾಕಿದ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

"ಅಲ್ಲ ಮಾರಾಯ, ನನ್ನನ್ನ ಪುಕ್ಕಟೆ ಡ್ರೈವರ್ ಮಾಡ್ಕೊಂಡ್ಯಾ?"

"ನಿನ್ನ ಪಕ್ಕ ಕೂರೋಕೆ ನಂಗೆ ಬೇರೆ ದಾರಿ ಗೊತ್ತಿರ್ಲಿಲ್ಲ, ಒಟಿಲಿಯಾ," ಅಂದ. ಅವನ ಕಿವಿಗಳು ಕೆಂಪಾಗಿದ್ದವು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಗು ತಡೆಯಲಾಗಲಿಲ್ಲ. ಅಪ್ಪನ ವಿದ್ಯೆ ಕೈಯಲ್ಲಿಟ್ಟುಕೊಂಡು, ಒಂದೇ ದಿನದಲ್ಲಿ ಮುಗಿಸಬಹುದಾದ ಈ ರಿಪೇರಿಯ ಮಾತೆತ್ತದೆ ಬೇಸಿಗೆಯಿಡೀ ತುಟಿ ಹೊಲಿದುಕೊಂಡಿದ್ದವಳು ನಾನು ತಾನೇ! ಅದನ್ನು ಹೇಳಿದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಳ್ಳಿ ಅಂದ.

ಹೊಸ ಡ್ರೈಯರ್ ತರಲು ನನ್ನ ಕಾರಿನಲ್ಲೇ ಹೋದೆವು. ವಾಪಸು ಬಂದು ಅದನ್ನು ಜೋಡಿಸಿದೆ. ಹೊಸ ಕಂಪ್ರೆಸರಿಗೆ ಎಣ್ಣೆ ಹಾಕಿ, ಕೈಯಲ್ಲೇ ತಿರುಗಿಸಿ, ಜಾಗದಲ್ಲಿ ಕೂರಿಸಿದೆವು. ಪಂಪು ಹಚ್ಚಿ ಪೈಪಿನ ಗಾಳಿಯನ್ನೆಲ್ಲ ಎಳೆದ ಮೇಲೆ, ಎಲ್ಲೂ ಸೋರುತ್ತಿಲ್ಲವೆಂದು ತಿಳಿಯಲು ಮೀಟರಿನ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ಕಾಯಬೇಕು. ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಐಸ್ ತಿಂದೆವು. ಮುಳ್ಳು ಕದಲಲಿಲ್ಲ.

ಗ್ಯಾಸ್ ತುಂಬಿ ಎಂಜಿನ್ ಹಾಕಿದ. ಕಂಪ್ರೆಸರಿನ ಕ್ಲಚ್ ಟಕ್ಕೆಂದು ಹಿಡಿಯಿತು. ಇಬ್ಬರೂ ಒಳಗೆ ಕೂತು ಬಾಗಿಲು ಹಾಕಿಕೊಂಡೆವು, ತಂಪು ಗಾಳಿ ಮುಖಕ್ಕೆ ರಾಚಿತು. ಅವನಿಗೆ ಖುಷಿಯಾಗಬೇಕಿತ್ತು, ಆದರೆ ಸ್ಟೀರಿಂಗನ್ನೇ ನೋಡುತ್ತಿದ್ದ.

"ಇನ್ನು ನೆಪ ಹೇಳೋಕೆ ಏನೂ ಉಳೀಲಿಲ್ಲ," ಅಂದ. "ಆದ್ರೂ ನಾಳೆ ಬರ್ತೀಯಾ?"

"ನೆಪ ಇಲ್ದೆ ಕರೀತಿದ್ದೀಯಲ್ಲ, ಅದಕ್ಕೇ ಬರ್ತೀನಿ," ಅಂದೆ.

ಅವನು ಎಂಜಿನ್ ಆರಿಸಲಿಲ್ಲ. ನಾನೂ ಇಳಿಯಲಿಲ್ಲ.